ಎಂಟು ಬರೆದರೆ ಸಿಗುವ ಉತ್ತರ

ಡೊಂಬಿವಲಿಯ ಓದುಗರೊಬ್ಬರು ಹೊಸ ಫೋನು ಕೊಂಡಿದ್ದಾರೆ. ಪರದೆ ಹೊಳೆಯುತ್ತದೆ, ಕ್ಯಾಮೆರಾ ಕತ್ತಲಲ್ಲೂ ಕಾಣುತ್ತದೆ, ಬ್ಯಾಟರಿ ರಾತ್ರಿ ಮನೆಗೆ ಬಂದ ಮೇಲೂ ಉಳಿದಿರುತ್ತದೆ ಎಂದೆಲ್ಲ ಹೊಗಳಿ, ಕೊನೆಗೆ ಒಂದು ಪ್ರಶ್ನೆ ಕೇಳಿದ್ದಾರೆ. “ಮ್ಯಾಪ್ ತೆರೆದರೆ ಫೋನ್ ಹಿಡಿದು ಗಾಳಿಯಲ್ಲಿ ಎಂಟು ಬರೆಯಿರಿ ಎನ್ನುತ್ತದೆ. ಇದೇನು ದೃಷ್ಟಿ ತೆಗೆಯುವ ಶಾಸ್ತ್ರವೇ? ದಾದರ್ ಪ್ಲಾಟ್‌ಫಾರ್ಮಿನಲ್ಲಿ ನಿಂತು ಬರೆದೆ. ಪಕ್ಕದವರು ನನ್ನನ್ನು ನೋಡಿ ದೂರ ಸರಿದರು. ಬಾಣ ಮಾತ್ರ ಆಮೇಲೂ ತಪ್ಪು ದಿಕ್ಕನ್ನೇ ತೋರಿಸುತ್ತಿತ್ತು.”

ಹೊಸ ಫೋನಿನ ಕ್ಯಾಮೆರಾ ಬಗ್ಗೆ ಕೇಳುವವರು ಬೇಕಾದಷ್ಟು. ಈ ಎಂಟಿನ ಬಗ್ಗೆ ಕೇಳುವವರು ಅಪರೂಪ, ಹಾಗಾಗಿ ಪತ್ರ ನೋಡಿ ಖುಷಿಯಾಯಿತು. ಮೊದಲಿಗೆ, ಬಾಣ ತಪ್ಪಿತೆಂದು ಜಿಪಿಎಸ್ಸನ್ನು ಬೈಯಬೇಡಿ. ಉಪಗ್ರಹಗಳ ನೆರವಿನಿಂದ ತಿಳಿಯುವುದು ನೀವು ಎಲ್ಲಿದ್ದೀರಿ ಎಂಬುದಷ್ಟೇ. ನಿಂತಲ್ಲೇ ನಿಂತವರು ಯಾವ ಕಡೆ ಮುಖ ಮಾಡಿದ್ದಾರೆಂದು ಅವಕ್ಕೆ ಗೊತ್ತಾಗುವುದಿಲ್ಲ. ಆ ಕೆಲಸಕ್ಕೆ ಫೋನಿನೊಳಗೆ ಮ್ಯಾಗ್ನೆಟೋಮೀಟರ್ ಎಂಬ ಬೇರೆಯೇ ಚಿಪ್ ಇದೆ. ಗಾತ್ರ ಒಂದೆರಡು ಮಿಲಿಮೀಟರ್. ಮುಳ್ಳಿಲ್ಲ, ತಿರುಗುವ ಭಾಗವೇ ಇಲ್ಲ. ಬಹಳಷ್ಟು ಫೋನುಗಳಲ್ಲಿ ಅದರ ಆಧಾರ ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಪರಿಣಾಮ. ವಿದ್ಯುತ್ ಹರಿಯುವ ತೆಳು ಹಾಳೆಗೆ ಅಡ್ಡವಾಗಿ ಕಾಂತಕ್ಷೇತ್ರ ಬಂದರೆ ಹಾಳೆಯ ಎರಡು ಅಂಚುಗಳ ನಡುವೆ ಚೂರು ವೋಲ್ಟೇಜ್ ಹುಟ್ಟುತ್ತದೆ. ಹೀಗೆ ಮೂರು ದಿಕ್ಕಿಗೆ ಮೂರು ಅಳತೆ. 2008ರಲ್ಲಿ ಬಂದ ಮೊದಲ ಆಂಡ್ರಾಯ್ಡ್ ಫೋನಿನಲ್ಲೇ ಇದಿತ್ತು, ಐಫೋನಿಗೆ ಮರುವರ್ಷ ಬಂತು.

ಚಿಪ್ಪಿನ ಗೋಳು ಏನೆಂದರೆ, ಅದು ಅಳೆಯಬೇಕಾದದ್ದು ಭೂಮಿಯ ಕಾಂತಕ್ಷೇತ್ರವನ್ನು. ಮುಂಬೈಯಲ್ಲಿ ಅದು ನಲವತ್ತು ಮೈಕ್ರೋಟೆಸ್ಲಾದ ಆಸುಪಾಸು, ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಬೊಂಬೆಯ ಅಯಸ್ಕಾಂತ ಇದರ ನೂರು ಪಟ್ಟಿಗೂ ಮೇಲೆ. ಇಷ್ಟು ಕ್ಷೀಣವಾದುದನ್ನು ಅಳೆಯಲು ಚಿಪ್ಪನ್ನು ಕೂರಿಸಿರುವ ಜಾಗವಾದರೂ ಎಂಥದ್ದು! ಸ್ಪೀಕರಿನಲ್ಲಿ ಅಯಸ್ಕಾಂತ, ಕ್ಯಾಮೆರಾ ಲೆನ್ಸನ್ನು ಹಿಂದೆ ಮುಂದೆ ಸರಿಸುವುದಕ್ಕೆ ಅಯಸ್ಕಾಂತ, ಗುರುಗುಟ್ಟುವ ಮೋಟಾರಿಗೆ ಅಯಸ್ಕಾಂತ. ಈಚಿನ ಕೆಲವು ಫೋನುಗಳಲ್ಲಿ ಚಾರ್ಜರ್ ಅಂಟಿಕೊಳ್ಳಲೆಂದು ಬೆನ್ನಿಗೇ ಅಯಸ್ಕಾಂತಗಳ ಬಳೆ.

ಅಂಗಡಿಯವನು ತುಪ್ಪ ತೂಗುವ ಮೊದಲು ಖಾಲಿ ಪಾತ್ರೆಯನ್ನು ತೂಗಿ ಆ ತೂಕ ಕಳೆಯುತ್ತಾನೆ. ಫೋನಿಗೂ ಬೇಕಾದದ್ದು ಅದೇ, ಆದರೆ ಖಾಲಿ ಪಾತ್ರೆಯೇ ಅದಕ್ಕೆ ಸಿಗುವುದಿಲ್ಲ. ಭೂಮಿಯನ್ನು ಒಂದು ಕ್ಷಣ ಪಕ್ಕಕ್ಕಿಟ್ಟು ತನ್ನ ಅಯಸ್ಕಾಂತಗಳನ್ನಷ್ಟೇ ಅಳೆದು ನೋಡಲು ಯಾವ ಫೋನಿಗೂ ಆಗದು. ಇದಕ್ಕೆ ಕಂಡುಕೊಂಡ ಉಪಾಯ ಎಷ್ಟು ಸೊಗಸಾಗಿದೆಯೆಂದರೆ ನನಗೆ ಪ್ರತಿಸಲ ಯೋಚಿಸಿದಾಗಲೂ ನಗು ಬರುತ್ತದೆ. ಫೋನನ್ನು ಹೊರಳಿಸಿದರೆ ಅದರೊಳಗಿನ ಅಯಸ್ಕಾಂತಗಳೂ ಚಿಪ್ಪಿನ ಜೊತೆಗೇ ಹೊರಳುತ್ತವೆ, ಆದ್ದರಿಂದ ಚಿಪ್ಪಿನ ಪಾಲಿಗೆ ಅವು ಅಲುಗಾಡಿಯೇ ಇಲ್ಲ. ಭೂಮಿ ಹಾಗಲ್ಲ, ಅದು ಹೊರಗೆ ನಿಂತಿದೆ. ಹೊರಳಿಸಿದಂತೆಲ್ಲ ಅದರ ಕ್ಷೇತ್ರ ಒಮ್ಮೆ ಎಡದಿಂದ, ಒಮ್ಮೆ ತಲೆಯಿಂದ, ಒಮ್ಮೆ ಬೆನ್ನಿನಿಂದ ಬಂದಂತೆ ಕಾಣುತ್ತದೆ. ಈ ಅಳತೆಗಳನ್ನೆಲ್ಲ ಒಂದೊಂದು ಚುಕ್ಕೆಯಾಗಿ ಇಡುತ್ತ ಹೋದರೆ ಚುಕ್ಕೆಗಳು ಸೇರಿ ಗೋಲವಾಗುತ್ತವೆ. ಗೋಲದ ತ್ರಿಜ್ಯ ಭೂಮಿಯ ಪಾಲು. ಗೋಲದ ಕೇಂದ್ರ ಸೊನ್ನೆಯಿಂದ ಎಷ್ಟು ಸರಿದಿದೆಯೋ ಅಷ್ಟು ಫೋನಿನ ಸ್ವಂತ ಪಾಲು. ಅದನ್ನು ಕಳೆದರೆ ಉತ್ತರ ದಿಕ್ಕು ಸಿಕ್ಕಿತು.

ಈಗ ನಮ್ಮ ಓದುಗರ ಎಂಟಿನ ವಿಷಯ. ಅವರು ಬಹುಶಃ ಸ್ಲೇಟಿನ ಮೇಲೆ ಬರೆದಂತೆ ಬರೆದಿದ್ದಾರೆ. ನಾನು ನೋಡಿದವರಲ್ಲಿ ಹೆಚ್ಚಿನವರು ಮಾಡುವುದು ಹಾಗೆಯೇ: ಫೋನನ್ನು ನೆಟ್ಟಗೆ ಹಿಡಿದು ತೋಳನ್ನಷ್ಟೇ ಗಾಳಿಯಲ್ಲಿ ತಿರುಗಿಸುತ್ತಾರೆ. ಹಾಗೆ ಎಷ್ಟು ದೊಡ್ಡ ಎಂಟು ಬರೆದರೂ ಫೋನಿನ ಮುಖ ಬದಲಾಗಲಿಲ್ಲವಾದ್ದರಿಂದ ಚುಕ್ಕೆಗಳೆಲ್ಲ ಒಂದೇ ಕಡೆ ಬೀಳುತ್ತವೆ, ಗೋಲ ಹುಟ್ಟುವುದಿಲ್ಲ. ಎಂಟಿನಲ್ಲಿ ಯಾವ ಮಂತ್ರವೂ ಇಲ್ಲ. ಅದನ್ನು ಬರೆಯುವಾಗ ಮಣಿಕಟ್ಟು ಎಲ್ಲ ಕಡೆ ಹೊರಳುತ್ತದೆ ಎಂಬುದಷ್ಟೇ ಅದರ ಗುಣ. ಇಂಗ್ಲಿಷಿನ 8 ಬದಲು ಕನ್ನಡದ ೮ ಬರೆಯಿರಿ, ‘ಶ್ರೀ’ ಎಂದೇ ಬರೆಯಿರಿ, ಫೋನು ಮಗುಚಿ ಮೇಲೆಕೆಳಗಾಗುತ್ತಿದ್ದರೆ ಸಾಕು.

ನಮ್ಮ ಊರಿಗೆ ಈ ತಾಪತ್ರಯ ಹೊಸದಲ್ಲ. ಕೊಲಾಬಾದಲ್ಲಿ ಈಸ್ಟ್ ಇಂಡಿಯಾ ಕಂಪನಿ 1826ರಲ್ಲಿ ವೀಕ್ಷಣಾಲಯ ಕಟ್ಟಿಸಿತ್ತು. ಹಡಗುಗಳಿಗೆ ಸಮಯ ಹೇಳುವುದು ಮೊದಲ ಕೆಲಸ. 1841ರಿಂದ ಭೂಮಿಯ ಕಾಂತಕ್ಷೇತ್ರವನ್ನೂ ಅಳೆಯತೊಡಗಿದರು. ಶತಮಾನ ಮುಗಿಯುವ ಹೊತ್ತಿಗೆ ಮುಂಬೈಗೆ ವಿದ್ಯುತ್ ಟ್ರಾಮ್ ಬರುತ್ತದೆಂಬ ಸುದ್ದಿ. ಊರಿಗೆಲ್ಲ ಸಂಭ್ರಮ, ವೀಕ್ಷಣಾಲಯಕ್ಕೆ ಸಂಕಟ. ಹಳಿಗಳಲ್ಲಿ ಹರಿಯುವ ವಿದ್ಯುತ್ತು ತನ್ನದೇ ಕಾಂತಕ್ಷೇತ್ರ ಎಬ್ಬಿಸಿದರೆ ಮುಳ್ಳು ಭೂಮಿಯ ಮಾತು ಕೇಳುವುದೋ, ಟ್ರಾಮಿನ ಮಾತು ಕೇಳುವುದೋ? ಆಗ ನಿರ್ದೇಶಕರಾಗಿದ್ದವರು ನಾನಾಭಾಯ್ ಮೂಸ್, 1896ರಲ್ಲಿ ಆ ಹುದ್ದೆಗೇರಿದ ಮೊದಲ ಭಾರತೀಯ. ಅವರು ಕೊಲ್ಲಿಯ ಆಚೆ, ಸುಮಾರು 30 ಕಿಲೋಮೀಟರ್ ದೂರದ ಅಲಿಬಾಗ್ ಆರಿಸಿ, ಕಾಂತಗುಣವಿಲ್ಲದ ಪೋರಬಂದರ್ ಕಲ್ಲಿನಿಂದ ಹೊಸ ಕಟ್ಟಡ ಕಟ್ಟಿಸಿದರು. 1904ರಿಂದ ಎರಡು ವರ್ಷ ಎರಡೂ ಕಡೆ ಒಟ್ಟಿಗೇ ಅಳೆದು, ಲೆಕ್ಕ ಒಂದಕ್ಕೊಂದು ಜೋಡಿಸಿಕೊಂಡ ಮೇಲೆಯೇ ಕೊಲಾಬಾದ ಅಳತೆ ನಿಂತದ್ದು. ಟ್ರಾಮ್ ಓಡಿದ್ದು 1907ರಲ್ಲಿ. ಇಂಥ ಮುಂದಾಲೋಚನೆ ನಮ್ಮ ಯಾವ ಫ್ಲೈಓವರಿಗೂ ಸಿಕ್ಕಿದ್ದು ನಾನು ಕಾಣೆ. ಟ್ರಾಮು 1964ರಲ್ಲಿ ಹೋಯಿತು, ಅಲಿಬಾಗ್ ಇನ್ನೂ ಅಳೆಯುತ್ತಲೇ ಇದೆ. ಈಗ ಅದನ್ನು ನೋಡಿಕೊಳ್ಳುವುದು ನವ ಪನ್ವೇಲ್‌ನಲ್ಲಿರುವ ಭಾರತೀಯ ಭೂಕಾಂತತ್ವ ಸಂಸ್ಥೆ.

ಪಾಪದ ಫೋನು ಅಲಿಬಾಗ್‌ಗೆ ಹೋಗುವಂತಿಲ್ಲ, ನಿಮ್ಮ ಜೇಬಿನಲ್ಲೇ ಇರಬೇಕು. ತನ್ನೊಳಗಿನ ಅಯಸ್ಕಾಂತಗಳನ್ನು ಎಂಟು ಬರೆಸಿಯಾದರೂ ಕಳೆದುಕೊಳ್ಳುತ್ತದೆ, ಹೊರಗಿನ ಕಬ್ಬಿಣವನ್ನು ಏನು ಮಾಡೀತು? ದಾದರ್ ಪ್ಲಾಟ್‌ಫಾರ್ಮಿನಲ್ಲಿ ತಲೆಯ ಮೇಲೆ ಉಕ್ಕಿನ ಪಾದಚಾರಿ ಸೇತುವೆ, ಪಕ್ಕದಲ್ಲಿ ಉಕ್ಕಿನ ಕಂಬ, ಎದುರಿಗೆ ಬಂದು ನಿಲ್ಲುವ ಹನ್ನೆರಡು ಡಬ್ಬಿಯ ಲೋಕಲ್. ಅಲ್ಲಿ ನಿಂತು ಸರಿಮಾಡಿಕೊಂಡ ದಿಕ್ಕು ಅಲ್ಲಿಗೂ ಸಾಲದು, ಹೊರಗೆ ಬಂದ ಮೇಲಂತೂ ಪೂರ್ತಿ ತಪ್ಪು. ಭೂಗತ ಮೆಟ್ರೋದಿಂದ ಮೇಲೆ ಬಂದವರು ಫೋನು ತೋರಿಸಿದ ಕಡೆ ನಾಲ್ಕು ಹೆಜ್ಜೆ ನಡೆದು ತಿರುಗಿ ಬರುವುದನ್ನು ನಾನು ನೋಡುತ್ತಲೇ ಇರುತ್ತೇನೆ. ಹಾಗೆ ನೋಡಿದರೆ ಮ್ಯಾಪು ಪ್ರಾಮಾಣಿಕ: ನೀಲಿ ಚುಕ್ಕೆಯಿಂದ ಹೊರಡುವ ಬೆಳಕಿನ ಬೀಸಣಿಗೆ ಅಗಲವಾಗಿದ್ದರೆ ತನಗೆ ದಿಕ್ಕು ಖಚಿತವಿಲ್ಲ ಎಂದೇ ಅದು ಹೇಳುತ್ತಿರುತ್ತದೆ. ಆ ಅಗಲವನ್ನು ಯಾರೂ ಗಮನಿಸುವುದಿಲ್ಲ.

ಇಷ್ಟು ತಿಳಿದ ಮೇಲೆ ನನಗೆ ತಡೆಯಲಾಗದ ಸಿಟ್ಟು ಬರುವುದು ಫೋನ್ ಹಿಡಿದು ವಾಸ್ತು ನೋಡುವವರ ಮೇಲೆ. ಗೋಡೆ, ಚಾವಣಿ, ನೆಲ ಎಲ್ಲದರೊಳಗೂ ಉಕ್ಕಿನ ಸರಳು ತುಂಬಿದ ಗೋಪುರದ ಫ್ಲಾಟಿನಲ್ಲಿ, ಕಿಟಕಿಯ ಗ್ರಿಲ್ಲಿಗೆ ಒರಗಿ, ಅಯಸ್ಕಾಂತದ ಗುಂಡಿಯಿರುವ ಚರ್ಮದ ಕವರಿನಲ್ಲಿಟ್ಟ ಫೋನನ್ನು ನೋಡಿ ಈಶಾನ್ಯ ಎಲ್ಲಿದೆಯೆಂದು ಘೋಷಿಸುತ್ತಾರೆ! ನಮ್ಮ ಮನೆಯ ಹಾಲಿನಲ್ಲೇ ಸೋಫಾದಿಂದ ಕಿಟಕಿಗೆ ನಡೆದರೆ ಉತ್ತರ ಒಂದಿಷ್ಟು ಡಿಗ್ರಿ ವಾಲುತ್ತದೆ. ಅಡುಗೆಮನೆ ಒಡೆಸಿ ಲಕ್ಷಗಟ್ಟಲೆ ಸುರಿಯುವ ಮೊದಲು ಅದೇ ಫೋನನ್ನು ಎರಡು ಮಾರು ಆಚೆ ಹಿಡಿದು ನೋಡಿ, ಈಶಾನ್ಯ ಹೊರಳಿಕೊಂಡಿರಲೂಬಹುದು. ಪೂರ್ವ ಬೇಕೇ ಬೇಕೆನ್ನುವವರು ಮಾರ್ಚ್ 21ರ ಬೆಳಿಗ್ಗೆ ಎದ್ದು ಸೂರ್ಯನನ್ನು ನೋಡಲಿ, ಖರ್ಚಿಲ್ಲ.

ಈ ಪುಟ್ಟ ಚಿಪ್ಪಿನ ಸೂಕ್ಷ್ಮತೆಯನ್ನು ಮಾತ್ರ ಕಡೆಗಣಿಸಬೇಡಿ. 1859ರ ಸೆಪ್ಟೆಂಬರಿನಲ್ಲಿ ಸೂರ್ಯನಿಂದ ಎದ್ದ ಮಹಾ ಕಾಂತಬಿರುಗಾಳಿ ಯುರೋಪ್, ಅಮೆರಿಕಗಳ ಟೆಲಿಗ್ರಾಫ್ ತಂತಿಗಳನ್ನು ಕೆಡಿಸಿತ್ತು. ಆ ದಿನ ಕೊಲಾಬಾದಲ್ಲಿ ಕಣ್ಣಿಟ್ಟು ಓದಿ ಬರೆದುಕೊಂಡ ಲೆಕ್ಕ ಉಳಿದಿದೆ: ಕ್ಷೇತ್ರ ಸುಮಾರು 1600 ನ್ಯಾನೋಟೆಸ್ಲಾ ಕುಸಿದಿತ್ತು. ಆ ಬಿರುಗಾಳಿ ಎಷ್ಟು ದೊಡ್ಡದಿತ್ತೆಂದು ಅಂದಾಜು ಮಾಡಲು ವಿಜ್ಞಾನಿಗಳು 2003ರಲ್ಲಿ ತೆರೆದದ್ದು ಈ ಮುಂಬೈ ಕಡತವನ್ನೇ. 1600 ನ್ಯಾನೋ ಎಂದರೆ 1.6 ಮೈಕ್ರೋಟೆಸ್ಲಾ. ಫೋನಿನ ಚಿಪ್ಪುಗಳಲ್ಲಿ ಒಂದು ಮೆಟ್ಟಿಲಿಗೆ 0.15 ಮೈಕ್ರೋಟೆಸ್ಲಾ ಅಳೆಯುವಂಥವಿವೆ. ಅಂಥ ಬಿರುಗಾಳಿ ಮತ್ತೆ ಎದ್ದರೆ ಮೈದಾನದ ನಡುವೆ ಅಲುಗದೆ ಇಟ್ಟ ಫೋನಿಗೂ ಅದು ತಗಲೀತು. ಲೋಕಲಿನಲ್ಲಿ ನೇತಾಡುತ್ತಿರುವವರ ಫೋನಿನಲ್ಲಿ ಅದು ಗದ್ದಲದೊಳಗೆ ಮುಳುಗಿಹೋಗುತ್ತದೆ.

ಡೊಂಬಿವಲಿಯವರಿಗೆ ನನ್ನ ಸಲಹೆ: ಕವರ್ ಕಳಚಿ, ರೈಲು ಇಳಿದು, ನಿಲ್ದಾಣದ ಶೆಡ್ಡು ದಾಟಿ ಬಯಲಿಗೆ ಬನ್ನಿ. ನಿಂತಿರುವ ರಿಕ್ಷಾಗಳಿಂದ ಹತ್ತು ಹೆಜ್ಜೆ ದೂರವಿರಿ. ಆಮೇಲೆ ಮಣಿಕಟ್ಟು ಚೆನ್ನಾಗಿ ಹೊರಳಿಸಿ ಎಂಟು ಬರೆಯಿರಿ. ಜನ ನೋಡಿದರೆ ನೋಡಲಿ.