ತೋಟದ ದಿನದರ್ಶಿಯಲ್ಲಿ ಮರುಕಳಿಸುವ ಕೆಲಸ ಮತ್ತು ಒಮ್ಮೆ ಬರುವ ಮಳೆ

ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಕಾಫಿ ಬೆಳೆಗಾರರು ತೋಟದ ಕೆಲಸಗಳನ್ನು ಈಗ ಮೊಬೈಲಿನ ದಿನದರ್ಶಿಯಲ್ಲಿ ಗುರುತು ಮಾಡಿಕೊಳ್ಳುವುದುಂಟು. ಇದು ಅನುಕೂಲವೇ ಸರಿ. ಆದರೆ ಗೋಡೆಯ ಕ್ಯಾಲೆಂಡರಿನ ತಪ್ಪು ಡಿಸೆಂಬರಿಗೆ ಮುಗಿಯುತ್ತದೆ. ಮೊಬೈಲಿನಲ್ಲಿ ತಪ್ಪಾಗಿ ಬರೆದದ್ದು ವರ್ಷ ವರ್ಷವೂ ಮರಳುತ್ತದೆ. ಆದ್ದರಿಂದ ಅದು ಕೆಲಸ ಮಾಡುವ ಕ್ರಮವನ್ನು ತಿಳಿದಿರುವುದು ಒಳ್ಳೆಯದು.

ಸಂತೆಯ ಮುನ್ನಾದಿನದ ಬಟವಾಡೆಯನ್ನೇ ತೆಗೆದುಕೊಳ್ಳೋಣ. ವರ್ಷದ 52 ಬಟವಾಡೆಗಳನ್ನು ಯಂತ್ರವು ಬಿಡಿಬಿಡಿಯಾಗಿ ಬರೆದಿಡಬೇಕಾಗಿಲ್ಲ. ಮೊದಲ ದಿನ ಮತ್ತು ‘ವಾರಕ್ಕೊಮ್ಮೆ’ ಎಂಬ ನಿಯಮ, ಇವೆರಡೇ ಸಾಕು; ಉಳಿದ ದಿನಗಳನ್ನು ಅದು ಲೆಕ್ಕ ಹಾಕಿ ತೋರಿಸುತ್ತದೆ. 1998ರಲ್ಲಿ ಪ್ರಕಟವಾಗಿ 2009ರಲ್ಲಿ ಪರಿಷ್ಕೃತವಾದ ಐಕ್ಯಾಲೆಂಡರ್ ಎಂಬ ಮಾನಕದ ರೀತಿಯೂ ಇದೇ. ಹಬ್ಬದ ನಿಮಿತ್ತ ಒಂದು ವಾರದ ಬಟವಾಡೆ ಬೇರೆ ದಿನಕ್ಕೆ ಹೋದರೆ, ನಿಯಮ ಹಾಗೆಯೇ ಉಳಿದು ಆ ಒಂದು ದಿನ ಮಾತ್ರ ವಿನಾಯಿತಿಯಾಗಿ ಸೇರುತ್ತದೆ. ತಿಂಗಳ ಸಂಬಳಕ್ಕೆ 31ನೇ ತಾರೀಖು ಹಾಕತಕ್ಕದ್ದಲ್ಲ. ಈ ಮಾನಕದ ಪ್ರಕಾರ 31 ಇಲ್ಲದ ಐದು ತಿಂಗಳು ಬಿಟ್ಟೇ ಹೋಗುತ್ತವೆ! ‘ತಿಂಗಳ ಕೊನೆಯ ದಿನ’ ಎಂದು ಆರಿಸಬೇಕು.

ಎಲೆ ತುಕ್ಕು ರೋಗಕ್ಕೆ ಮುಂಗಾರಿನ ಮೊದಲು ಸಿಂಪಡಿಸುವ ಶೇ. 0.5ರ ಬೋರ್ಡೋ ದ್ರಾವಣವೂ ಮರುಕಳಿಸುವ ಕೆಲಸವೇ. ಒಂದು ವರ್ಷ ಮಳೆ ಬೇಗ ಬರುವ ಸೂಚನೆ ಕಂಡು ದಿನವನ್ನು ಹಿಂದಕ್ಕೆ ತಂದಾಗ, ಮೊಬೈಲು ‘ಇದೊಂದು ಮಾತ್ರವೇ, ಮುಂದಿನವೂ ಸೇರಿಯೇ, ಎಲ್ಲವೂ ಸೇರಿಯೇ’ ಎಂದು ಕೇಳುತ್ತದೆ. ಅವಸರದಲ್ಲಿ ‘ಎಲ್ಲವೂ’ ಎಂದು ಒತ್ತಿದರೆ ಬರುವ ವರ್ಷಗಳ ದಿನ ಬದಲಾಗುವುದಲ್ಲದೆ, ಕಳೆದ ವರ್ಷಗಳ ಗುರುತೂ ಸರಿದುಹೋಗಬಹುದು. ಹಿಂದೆ ಯಾವ ದಿನ ಸಿಂಪಡಿಸಿದೆವು ಎಂಬ ಲೆಕ್ಕವೇ ಕೆಟ್ಟಂತೆ.

ಇದಕ್ಕಿಂತ ಮುಖ್ಯವಾದದ್ದು ಹೂ ಮಳೆ. ನಮ್ಮ ಹಿರಿಯರ ಮಳೆ ನಕ್ಷತ್ರಗಳು ಸೂರ್ಯನ ಗತಿಯನ್ನು ಅನುಸರಿಸುವುದರಿಂದ ಪ್ರತಿ ವರ್ಷ ಹೆಚ್ಚುಕಡಿಮೆ ಅದೇ ತಾರೀಖಿಗೆ ಬರುತ್ತವೆ. ಮೃಗಶಿರ ಜೂನ್ 8ರ ಸುಮಾರಿಗೆ ಹುಟ್ಟುತ್ತದೆ. ನಕ್ಷತ್ರ ಮರುಕಳಿಸುತ್ತದೆ, ಮಳೆ ಮರುಕಳಿಸಲೇಬೇಕೆಂದಿಲ್ಲ. ಹೂ ಮಳೆಯಂತೂ ಒಂದು ವರ್ಷ ಫೆಬ್ರವರಿಯಲ್ಲಿ, ಇನ್ನೊಂದು ವರ್ಷ ಮಾರ್ಚ್ ಕೊನೆಗೆ. ಇದನ್ನು ‘ವರ್ಷಕ್ಕೊಮ್ಮೆ’ ಎಂದು ಬರೆಯುವುದು ಸರಿಯಲ್ಲ. ಮಳೆ ಬಿದ್ದ ದಿನವೇ, ಮಾಪಕದಲ್ಲಿ ಕಂಡ ಪ್ರಮಾಣದೊಡನೆ, ಒಂಟಿ ಘಟನೆಯಾಗಿ ಬರೆಯಬೇಕು.

ಮುಂದಿನ ಕೆಲಸಗಳನ್ನು ಅಲ್ಲಿಂದ ಎಣಿಸಬೇಕು. ರೋಬಸ್ಟಾ ತೋಟದಲ್ಲಿ ಮಾರ್ಚ್ 5ರಂದು ಒಂದು ಇಂಚಿಗೆ ಮೇಲ್ಪಟ್ಟು ಮಳೆ ಬಿತ್ತೆನ್ನಿ. ಎಂಟು ಹತ್ತು ದಿನಗಳಲ್ಲಿ, ಅಂದರೆ 13ರಿಂದ 15ರ ಹೊತ್ತಿಗೆ, ಹೂ ಅರಳುತ್ತದೆ. ಹೂ ಮಳೆಯಾದ 15–20 ದಿನಗಳಿಗೆ, ಅಂದರೆ 20ರಿಂದ 25ರೊಳಗೆ, ಬ್ಯಾಕಿಂಗ್ ಮಳೆ ಬೇಕು. ಬಾರದಿದ್ದರೆ ನೀರಿರುವವರು ತುಂತುರು ನೀರಾವರಿ ಕೊಡಬೇಕು. ಇಲ್ಲವಾದರೆ ಕಾಯಿ ಕಚ್ಚುವುದು ಕಡಿಮೆಯಾಗಿ ಇಳುವರಿ ಕುಗ್ಗುತ್ತದೆ. ಕಳೆದ ವರ್ಷದ ತಾರೀಖಿಗೆ ಮೊಬೈಲು ಗಂಟೆ ಬಾರಿಸುವವರೆಗೆ ಗಿಡ ಕಾಯುವುದಿಲ್ಲ.

ಇಂತಹ ಎಣಿಕೆಯನ್ನು ಸಾಮಾನ್ಯ ದಿನದರ್ಶಿಗಳು ತಾವಾಗಿ ಮಾಡುವುದಿಲ್ಲ. ಹೂ ಮಳೆ ಬಿದ್ದ ಸಂಜೆಯೇ ಕುಳಿತು ಮೂರು ಗುರುತು ಹಾಕಿದರೆ ಸಾಕು: ಹೂ ಅರಳುವ ದಿನ, 15ನೇ ದಿನ ಪಂಪು ಮತ್ತು ಪೈಪುಗಳ ತಪಾಸಣೆ, 20ನೇ ದಿನ ನೀರು. ನಡುವೆ ಬ್ಯಾಕಿಂಗ್ ಮಳೆ ಸಾಕಷ್ಟು ಬಂದರೆ ಕೊನೆಯದನ್ನು ಅಳಿಸಿ, ಬಂದ ಮಳೆಯನ್ನು ಅದರ ಜಾಗದಲ್ಲಿ ಬರೆದಿಡಿ.