ಕಂಪನಿಗಳ ಲಗ್ನ, ಲಗ್ನಪತ್ರಿಕೆ ಅಂಗಡಿಗೆ ಫಜೀತಿ!

ಭಾತಂಬ್ರಾ: ಲಗ್ನದ ಹಂಗಾಮು ಬಂತೆಂದರೆ ಭಾಲ್ಕಿ ಬಸ್ಸು ಹತ್ತಿದವರ ಕೈಚೀಲದಲ್ಲಿ ಹಳೇ ಲಗ್ನಪತ್ರಿಕೆಯೊಂದು ಇದ್ದೇ ಇರುತ್ತದೆ. "ದೊಡ್ಡ ಮಗಳ ಲಗ್ನಕ್ಕ ನೀನೇ ಮಾಡಿಕೊಟ್ಟಿದ್ದಿ ನೋಡಪ್ಪಾ, ಅದೇ ತೆಗಿ. ಹೆಸರು, ತಾರೀಖು ಅಷ್ಟೇ ಬದಲು ಮಾಡು." "ಆ ಫೈಲ್ ತೆರೀಲತ್ತಿಲ್ಲ ಕಾಕಾ. ಮತ್ತ ಮೊದಲಿಂದ ಹೊಡೀಬೇಕು." ಇಂಥ ಮಾತು ಡಿ.ಟಿ.ಪಿ. ಅಂಗಡಿಗಳಿಗೆ ಹೊಸದಲ್ಲ.

ಫೈಲಿಗೆ ಬಂದ ರೋಗವೇನು? ಮೂಲ ಅಮೆರಿಕದಲ್ಲಿದೆ. ಲಗ್ನಪತ್ರಿಕೆ, ಕರಪತ್ರ, ಪುಸ್ತಕ ಎಲ್ಲಕ್ಕೂ ಬಳಕೆಯಾದ ಪೇಜ್‌ಮೇಕರ್ 1985ರಲ್ಲಿ ಹೊರಬಂದದ್ದು ಆಲ್ಡಸ್ ಕಂಪನಿಯಿಂದ. 1994ರಲ್ಲಿ ಅಡೋಬಿ ಆ ಕಂಪನಿಯನ್ನೇ ತನ್ನೊಳಗೆ ಸೇರಿಸಿಕೊಂಡಿತು. 1999ರಲ್ಲಿ ಇನ್‌ಡಿಸೈನ್ ಬಂತು. 2001ರ 7ನೇ ಆವೃತ್ತಿಯೇ ಪೇಜ್‌ಮೇಕರಿನ ಕೊನೆಯದು. ಇನ್‌ಡಿಸೈನ್ ಹಳೆಯ ಆವೃತ್ತಿಗಳು ಪೇಜ್‌ಮೇಕರ್ ಫೈಲು ತೆರೆಯುತ್ತಿದ್ದವು. 2013ರ ನಂತರದವು ಮುಟ್ಟುವುದಿಲ್ಲ. ಅದೇ ವರ್ಷ ಒಮ್ಮೆ ಕೊಂಡು ಇಟ್ಟುಕೊಳ್ಳುವ ಪದ್ಧತಿ ಬಿಟ್ಟು ತಿಂಗಳ ಬಾಡಿಗೆ ಪದ್ಧತಿಗೆ ಅಡೋಬಿ ಹೊರಳಿತು. ಬಾಡಿಗೆ ನಿಂತಿತೋ, ಕೆಲಸ ನಿಂತಿತು!

ಫ್ರೀಹ್ಯಾಂಡಿನ ಕಥೆ ಇನ್ನೂ ಸ್ವಾರಸ್ಯ. ಚಿತ್ರ ಬಿಡಿಸುವ ಈ ಸಾಫ್ಟ್‌ವೇರ್ ಅಡೋಬಿಯ ಇಲಸ್ಟ್ರೇಟರಿಗೆ ಎದುರಾಳಿ. ಎರಡೂ ಒಂದೇ ಮನೆ ಸೇರಬಾರದೆಂದು 1994ರಲ್ಲಿ ಅಮೆರಿಕ ಸರಕಾರ ಅದನ್ನು ಬೇರೆ ಮಾಡಿಸಿತು. ಅದು ಮುಂದೆ ಮ್ಯಾಕ್ರೋಮೀಡಿಯಾ ಪಾಲಾಯಿತು. 2005ರಲ್ಲಿ ಅಡೋಬಿ ಮ್ಯಾಕ್ರೋಮೀಡಿಯಾವನ್ನೂ ಕೊಂಡಿತು. 2007ರಲ್ಲಿ ಫ್ರೀಹ್ಯಾಂಡಿಗೆ ಮಂಗಳ ಹಾಡಲಾಯಿತು.

ಎಲ್ಲ ಲಗ್ನಗಳೂ ಕೂಡಿ ಬರುವುದಿಲ್ಲ. 2022ರಲ್ಲಿ ಫಿಗ್ಮಾ ಕಂಪನಿಗೆ 2,000 ಕೋಟಿ ಡಾಲರ್ ಕೊಡಲು ಅಡೋಬಿ ಮುಂದಾಗಿತ್ತು. ಯುರೋಪ್, ಬ್ರಿಟನ್ ಅಧಿಕಾರಿಗಳು ತಕರಾರು ತೆಗೆದರು. 2023ರ ಡಿಸೆಂಬರಿನಲ್ಲಿ ಮಾತು ಮುರಿಯಿತು. ಮುರಿದ ತಪ್ಪಿಗೆ ಅಡೋಬಿ ತೆತ್ತದ್ದು 100 ಕೋಟಿ ಡಾಲರ್!

ಕೋಣಗಳೆರಡು ಕಾದಾಡಿದರೆ ಗಿಡಕ್ಕೆ ಮಿತ್ತು ಎಂಬ ಗಾದೆಯುಂಟು. ಇಲ್ಲಿ ಕೋಣಗಳು ಒಂದಾಗುತ್ತವೆ; ಆದರೂ ಮುರಿಯುವುದು ಗಿಡವೇ. ಎದುರಾಳಿ ಇಲ್ಲದ ಮೇಲೆ ದರ ಕೇಳುವವರಾರು? ಹತ್ತು ವರ್ಷ ಕೈಗೆ ಹತ್ತಿದ ಕೆಲಸ ಮರೆತು ಹೊಸದು ಕಲಿಯುವವನು ಅಂಗಡಿಯವನೇ. ದುಬಾರಿಯಾಯಿತೆಂದು ಕಳ್ಳ ಪ್ರತಿ ಹಾಕಿಕೊಂಡರೆ ವೈರಸ್ ಬರುವ ಭಯ, ಕಾನೂನಿನ ಭಯ ಎರಡೂ ಉಂಟು.

ಕನ್ನಡಕ್ಕೆ ಇನ್ನೊಂದು ತೊಡಕು. ಹಳೇ ನುಡಿ ಅಕ್ಷರಗಳಲ್ಲಿ ಹೊಡೆದದ್ದು ಆ ಫಾಂಟ್ ಇಲ್ಲದ ಗಣಕದಲ್ಲಿ ಬರೀ ಇಂಗ್ಲಿಷ್ ಗೀಚಾಗಿ ಕಾಣುತ್ತದೆ.

ಉಪಾಯವಿಲ್ಲವೇ? ಇದೆ. ಕೆಲಸ ಮುಗಿದ ಕೂಡಲೇ ಒಂದು ಪಿ.ಡಿ.ಎಫ್. ಪ್ರತಿ ತೆಗೆದಿಡಬೇಕು, 2008ರಿಂದ ಅದು ಅಂತರರಾಷ್ಟ್ರೀಯ ಮಾನಕ, ಒಂದೇ ಕಂಪನಿಯ ಸ್ವತ್ತಲ್ಲ. ಬರಹವನ್ನು ಯುನಿಕೋಡಿನಲ್ಲಿ ಬೇರೆ ಉಳಿಸಬೇಕು. ಇಂಕ್‌ಸ್ಕೇಪ್, ಸ್ಕ್ರೈಬಸ್‌ನಂಥ ಪುಕ್ಕಟೆ ಸಾಫ್ಟ್‌ವೇರುಗಳನ್ನೂ ಕಲಿತಿಡಬೇಕು. ಗಿರಾಕಿಗಳೂ ಅಷ್ಟೇ: ಪತ್ರಿಕೆಯ ಕಟ್ಟಿನ ಜೊತೆಗೆ ಆ ಪಿ.ಡಿ.ಎಫ್. ಕೇಳಿ ಪಡೆದುಕೊಂಡರೆ ಸಣ್ಣ ಮಗಳ ಲಗ್ನದ ಹೊತ್ತಿಗೆ ಹಳೇ ಪತ್ರಿಕೆಯ ಬರಹವಾದರೂ ಕೈಯಲ್ಲಿರುತ್ತದೆ.