ತಪ್ಪು ಅವಳದಲ್ಲ, ನಿಮ್ಮದೂ ಅಲ್ಲ

ಮಗಳ ಮೇಲೆ ಲೈಂಗಿಕ ದೌರ್ಜನ್ಯ ನಡೆದರೆ ಇಡೀ ಮನೆಯೇ ಕುಸಿಯುತ್ತದೆ. ಅಮ್ಮನಿಗೆ ನಿದ್ದೆ ಬಾರದು, ಅಪ್ಪ ಸಿಡುಕಬಹುದು, ಅಣ್ಣ ಮಾತು ಬಿಡಬಹುದು. 'ನಾನೇ ಕಾಯಬೇಕಿತ್ತು' ಎಂಬ ಕೊರಗು ಎಲ್ಲರಿಗೂ. ಅದನ್ನು ಅವಳ ಮುಂದೆ ತೋಡಿಕೊಂಡರೆ, ನಿಮ್ಮನ್ನು ಸಮಾಧಾನ ಮಾಡೋ ಭಾರವೂ ಅವಳ ಮೇಲೇ ಬೀಳುತ್ತದೆ.

'ಆ ಹೊತ್ತಲ್ಲಿ ಅಲ್ಲಿಗ್ಯಾಕೆ ಹೋದೆ?' ಅನ್ನಬೇಡಿ. 'ನಿನ್ನನ್ನ ನಂಬ್ತೀನಿ, ತಪ್ಪು ನಿಂದಲ್ಲ' ಅನ್ನಿ. ಅವಳನ್ನು ಕೇಳದೆ ನೆಂಟರಿಗೆ ಹೇಳಬೇಡಿ.

ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಯೊಳಗೆ ಶುರು ಮಾಡಬೇಕು, ತಡವಾದರೂ ಹೋಗಿ. ಸರ್ಕಾರಿಯಿರಲಿ, ಖಾಸಗಿಯಿರಲಿ, ಚಿಕಿತ್ಸೆ ಉಚಿತ. 2013ರಿಂದಲೇ ಇದು ಕಾನೂನು.

ಮನಸ್ಸಿನ ಗಾಯಕ್ಕೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಕನ್ನಡದಲ್ಲೇ ಮಾತಾಡಬಹುದು. ಅವಳಿಗಷ್ಟೇ ಅಲ್ಲ, ನಿಮಗೂ ಅದು ಬೇಕು. ಚೇತರಿಕೆ ನಿಧಾನ, ಅವಸರ ಮಾಡಬೇಡಿ.